ಹೆದರುವ ಸಮುದ್ರ ಏಂಜಲ್ ಮೀನನ್ನು ಊಟಕ್ಕೆ ಎಬ್ಬಿಸುವುದು ಹೇಗೆ: ಮುಂಬೈ ಮನೆಗಳಿಗೆ ಹಂತಹಂತದ ಮಾರ್ಗದರ್ಶಿ

ಡೊಂಬಿವಲಿ, ಮುಲುಂಡ್, ಮೀರಾ ರೋಡ್ ಕಡೆಯ ಗೆಳೆಯರಿಂದ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ಕತೆ. “ಅಂಗಡಿಯಲ್ಲಿ ಚೆನ್ನಾಗೇ ಇತ್ತು ಮಾರಾಯ್ರೆ. ತಂದು ಬಿಟ್ಟ ಕೂಡಲೆ ಕಲ್ಲಿನ ಹಿಂದೆ ಸೇರಿಕೊಂಡದ್ದು ಹೊರಗೇ ಬರಲಿಲ್ಲ. ಏನು ಹಾಕಿದರೂ ಮೂಸಲಿಲ್ಲ. ಒಂಬತ್ತನೇ ದಿನ ಹೋಯ್ತು.” ಆಮೇಲೆ ತಪ್ಪದೆ ಬರುವ ಪ್ರಶ್ನೆ: ಯಾವ ಫುಡ್ ಹಾಕಬೇಕಿತ್ತು?

ಫುಡ್ಡಿನ ಮಾತು ಆಮೇಲೆ. ಹೆದರಿದ ಮೀನಿಗೆ ಹಸಿವೆಯೇ ಆಗುವುದಿಲ್ಲ. ಮೊದಲು ಅಡಗಲು ಜಾಗ, ಬಳಿಕ ನೀರಿನ ಹೊಂದಿಕೆ, ಅದಾದ ಮೇಲೆ ಊಟ, ಕಟ್ಟಕಡೆಗೆ ಉಳಿದ ಮೀನುಗಳ ಸಹವಾಸ. ಈ ಸಾಲು ತಪ್ಪಿದರೆ ಎಷ್ಟು ದುಬಾರಿ ಫುಡ್ ತಂದರೂ ಅದು ತಳದಲ್ಲಿ ಕೊಳೆಯುತ್ತದೆ.

ಇಲ್ಲಿ ಹೇಳುತ್ತಿರುವುದು ಕೋರಲ್ ಬ್ಯೂಟಿ, ಬೈಕಲರ್ ಮುಂತಾದ ಸೆಂಟ್ರೊಪೈಜಿ ಗುಂಪಿನ ಸಣ್ಣ ಏಂಜಲ್‌ಗಳ ಬಗ್ಗೆ. ಕೋರಲ್ ಬ್ಯೂಟಿ ಬೆಳೆದರೆ 10 ಸೆಂ.ಮೀ., ಬೈಕಲರ್ 15. ಕಡುನೀಲಿ ಮೈಮೇಲೆ ಬಿಳಿ ಗೆರೆಗಳಿರುವ ಚಂದದ ಮರಿಯನ್ನು ತೋರಿಸಿದರೆ ಆಸೆಪಡಬೇಡಿ. ಅದು ಬಹುಶಃ ಎಂಪರರ್ ಅಥವಾ ಕೊರಾನ್ ಏಂಜಲ್. ಎರಡೂ 40 ಸೆಂ.ಮೀ. ತನಕ ಬೆಳೆಯುತ್ತವೆ. ನಮ್ಮ ಒಂದೂವರೆ ಕೋಣೆಯ ಮನೆಗೆ ಅವು ಆಗುವುದಿಲ್ಲ.

ಮೀನಿಗಿಂತ ಮೊದಲು ಮನೆಗೆ ಬರಬೇಕಾದವು

ಉಪ್ಪಿನಂಶ ಅಳೆಯಲು ರಿಫ್ರಾಕ್ಟೋಮೀಟರ್. ಮುಳ್ಳು ಆಡುವ ಪ್ಲಾಸ್ಟಿಕ್ ಹೈಡ್ರೋಮೀಟರ್ ನಂಬಬೇಡಿ, ಮುಳ್ಳಿಗೆ ಒಂದು ಗುಳ್ಳೆ ಅಂಟಿದರೂ ಲೆಕ್ಕ ತಪ್ಪುತ್ತದೆ. ಮೀನಿನ ಹೊಲಸಿನಿಂದ ನೀರಿನಲ್ಲಿ ಸೇರುವ ಅಮೋನಿಯ, ನೈಟ್ರೈಟ್, ನೈಟ್ರೇಟ್ ಅಳೆಯುವ ಟೆಸ್ಟ್ ಕಿಟ್. ಥರ್ಮಾಮೀಟರ್. 60ರಿಂದ 75 ಲೀಟರಿನ ಇನ್ನೊಂದು ಸಣ್ಣ ಟ್ಯಾಂಕ್, ಅದಕ್ಕೆ ಸ್ಪಾಂಜ್ ಫಿಲ್ಟರ್, ಏರ್ ಪಂಪ್. ಹಾರ್ಡ್‌ವೇರ್ ಅಂಗಡಿಯಿಂದ 3 ಇಂಚಿನ ಪಿವಿಸಿ ಎಲ್ಬೋ, ಅಂದರೆ ಬಾಗಿದ ಪೈಪ್ ತುಂಡು, ಮೂರು. ಕಪ್ಪು ಚಾರ್ಟ್ ಪೇಪರ್. ಮುಚ್ಚಳವಿರುವ ಥರ್ಮಾಕೋಲ್ ಪೆಟ್ಟಿಗೆ. ಲೈಟ್ ಹೋದಾಗ ನಡೆಯುವ ಬ್ಯಾಟರಿ ಏರ್ ಪಂಪ್. ಕಲ್ಯಾಣ್ ಆಚೆ ಇರುವವರು ಇದನ್ನು ಮರೆಯಲೇಬಾರದು.

ಹಂತ 1: ದೊಡ್ಡ ಟ್ಯಾಂಕ್ ಹಣ್ಣಾಗಲಿ

ಕನಿಷ್ಠ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಅಂದರೆ ಸುಮಾರು 255 ಲೀಟರ್. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಬರಲು ನಾಲ್ಕರಿಂದ ಆರು ವಾರ ಸಾಕು, ಆದರೆ ಏಂಜಲ್‌ಗೆ ಅಷ್ಟು ಸಾಲದು. ಈ ಜಾತಿ ದಿನವಿಡೀ ಕಲ್ಲಿನ ಮೇಲಿನ ಪಾಚಿ ಕೆರೆದು ತಿನ್ನುತ್ತಾ ಬದುಕುವಂಥದ್ದು. ಟ್ಯಾಂಕ್ ಹಾಕಿ ನಾಲ್ಕೈದು ತಿಂಗಳಾಗಿ, ಕಲ್ಲಿಗೆ ಬೆರಳು ಸವರಿದರೆ ಹಸಿರೋ ಕಂದೋ ಲೋಳೆ ಅಂಟಬೇಕು. ಗಾಜು ಉಜ್ಜುವ ಚಟ ಇರುವವರು ಹಿಂಬದಿಯ ಗಾಜನ್ನು ಹಾಗೇ ಬಿಡಿ.

ಕಲ್ಲು ಜೋಡಿಸುವಾಗ ಎರಡು ಕಡೆ ಬಾಯಿ ಇರುವ ಗುಹೆಗಳನ್ನು ಮಾಡಿ. ಒಂದೇ ಬಾಯಿಯ ಬಿಲದಲ್ಲಿ ಬೇರೆ ಮೀನು ಅಡ್ಡಗಟ್ಟಿದರೆ ಇದಕ್ಕೆ ಓಡಲು ದಾರಿಯಿಲ್ಲ. ಕಲ್ಲು ಸೆರಾಮಿಕ್ ಅಥವಾ ಮನುಷ್ಯರೇ ಮಾಡಿದ ಒಣಕಲ್ಲಾಗಿರಲಿ. ಹವಳ ಕಟ್ಟುವ ಜೀವಿಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿವೆ. ಯಾರಾದರೂ ಗುಟ್ಟಾಗಿ ಹವಳದ ಕಲ್ಲು ಕೊಡುತ್ತೇನೆಂದರೆ ಕೈ ಮುಗಿದು ಬನ್ನಿ.

ನೀರು ಆರ್‌ಓ ನೀರಿಗೆ ಸಮುದ್ರದ ಉಪ್ಪಿನ ಮಿಶ್ರಣ ಬೆರೆಸಿದ್ದು, ಲೀಟರಿಗೆ ಸುಮಾರು 35 ಗ್ರಾಂ. ಅಡುಗೆಮನೆಯ ಆರ್‌ಓ ಯಂತ್ರಗಳು ರುಚಿಗಾಗಿ ನಲ್ಲಿನೀರನ್ನೂ ಸ್ವಲ್ಪ ಬೆರೆಸುವುದುಂಟು. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿ, ನಲ್ಲಿನೀರು ಬೆರೆಸುವ ತಿರುಪನ್ನು ಮುಚ್ಚಿಸಿ. “ಪಕ್ಕದಲ್ಲೇ ಸಮುದ್ರ ಇರುವಾಗ ಉಪ್ಪು ಯಾಕೆ ಕೊಳ್ಳಬೇಕು” ಎಂದು ಕ್ಯಾನ್ ಹಿಡಿದು ಜುಹುವಿಗೋ ವರ್ಸೋವಾಕ್ಕೋ ಹೋಗುವವರಿದ್ದಾರೆ. ದಡದ ನೀರಿನಲ್ಲಿ ಊರಿನ ಚರಂಡಿಯೆಲ್ಲ ಇದೆ, ಮಳೆಗಾಲದಲ್ಲಂತೂ ಉಪ್ಪೂ ತೆಳುವಾಗಿರುತ್ತದೆ.

ಬಿಸಿ 25ರಿಂದ 27 ಡಿಗ್ರಿಯ ಒಳಗೆ ಇರಲಿ. ಚಳಿಗಾಲದಲ್ಲಿ ನೀರಿನ ಮೇಲೆ ಗಾಳಿ ಬೀಸುವ ಸಣ್ಣ ಫ್ಯಾನ್ ಸಾಕಾಗುತ್ತದೆ. ಜೂನ್ ದಾಟಿದ ಮೇಲೆ ಮುಂಬೈಯ ಗಾಳಿಯೇ ಒದ್ದೆ, ನೀರು ಆವಿಯಾಗುವುದಿಲ್ಲ, ಆವಿಯಾಗದೆ ತಂಪಾಗುವುದಿಲ್ಲ. ಏಪ್ರಿಲ್‌ನಿಂದ ಅಕ್ಟೋಬರ್ ತನಕ ನೀರು ತಣಿಸುವ ಚಿಲ್ಲರ್ ಇಲ್ಲವೆ ಆ ಕೋಣೆಗೆ ಎಸಿ ಬೇಕೇಬೇಕು. ಆವಿಯಾದಷ್ಟು ನೀರು ತುಂಬುವಾಗ ಸಿಹಿನೀರನ್ನೇ ಹಾಕಿ. ಉಪ್ಪು ಆವಿಯಾಗಿ ಹೋಗಿರುವುದಿಲ್ಲ.

ಹಂತ 2: ಬಾಣಂತಿ ಕೋಣೆ ಸಿದ್ಧಮಾಡಿ

ಹೊಸ ಮೀನನ್ನು ಮೊದಲು ಬೇರೆಯಾಗಿಡುವ ಕ್ವಾರಂಟೈನ್ ಟ್ಯಾಂಕ್ ಎಂದರೆ ಆ ಸಣ್ಣ ಟ್ಯಾಂಕೇ. ಅದರ ಹೆಸರು ಎತ್ತಿದ ಕೂಡಲೆ ಜನ ರೋಗದ ಲೆಕ್ಕವನ್ನಷ್ಟೇ ಹಾಕಿ “ಮೀನು ಆರೋಗ್ಯವಾಗಿಯೇ ಇದೆಯಲ್ಲ” ಎಂದು ಬಿಟ್ಟುಬಿಡುತ್ತಾರೆ. ನನಗೆ ಇದರ ದೊಡ್ಡ ಉಪಯೋಗ ಬೇರೆಯೇ. ಇದು ಬಾಣಂತಿ ಕೋಣೆ: ಅರೆಗತ್ತಲು, ಬೆಚ್ಚಗೆ, ಜನರ ಓಡಾಟ ಕಡಿಮೆ, ತಟ್ಟೆಗೆ ಕೈ ಹಾಕುವವರು ಯಾರೂ ಇಲ್ಲ. ಊಟ ಕಲಿಸುವುದು ಇಲ್ಲೇ.

ತಳಕ್ಕೆ ಮರಳು ಬೇಡ. ಮೂರು ಬದಿಗೆ ಕಪ್ಪು ಕಾಗದ ಅಂಟಿಸಿ. ಎಲ್ಬೋಗಳನ್ನು ತೊಳೆದು, ಒಂದರ ಬಾಯಿ ಮುಂಬದಿಗೆ ಓರೆಯಾಗಿರುವಂತೆ ಇಡಿ. ಮೀನು ಒಳಗಿದ್ದೇ ನಿಮ್ಮನ್ನು ನೋಡಬೇಕು, ನಿಮಗೆ ಅದರ ಕಣ್ಣು ಮಾತ್ರ ಕಾಣಬೇಕು. ಅಡಗುವ ಜಾಗ ಕೊಟ್ಟರೆ ಹೊರಗೆ ಬರುವುದೇ ಇಲ್ಲ ಎಂದು ಎಲ್ಬೋ ತೆಗೆದುಬಿಡುವವರಿದ್ದಾರೆ. ಓಡಿಹೋಗಲು ಬಿಲ ಹತ್ತಿರವಿದೆ ಎಂಬ ಧೈರ್ಯವಿದ್ದರೇ ಅದು ಹೊರಗೆ ಮೂತಿ ಹಾಕುವುದು.

ಸ್ಪಾಂಜ್ ಫಿಲ್ಟರನ್ನು ಒಂದು ತಿಂಗಳು ಮೊದಲೇ ದೊಡ್ಡ ಟ್ಯಾಂಕಿನಲ್ಲಿ ಓಡಿಸಿ ಇಲ್ಲಿಗೆ ತನ್ನಿ, ಒಳ್ಳೆಯ ಬ್ಯಾಕ್ಟೀರಿಯಾ ಅದರಲ್ಲಿ ಕೂತಿರುತ್ತವೆ. ಇನ್ನೊಂದು ಕೆಲಸವನ್ನೂ ಇದೇ ಹೊತ್ತಿಗೆ ಶುರುಮಾಡಿ: ಉಪ್ಪುನೀರು ತುಂಬಿದ ಗಾಜಿನ ಜಾಡಿಯಲ್ಲಿ ಮುಷ್ಟಿಗಾತ್ರದ ಒಣಕಲ್ಲಿನ ತುಂಡು ಮೂರ್ನಾಲ್ಕು ಹಾಕಿ ಬಿಸಿಲು ಬೀಳುವ ಕಿಟಕಿಯಲ್ಲಿಡಿ. ಮೂರು ವಾರಕ್ಕೆಲ್ಲ ಹಸಿರು ಹಿಡಿಯತೊಡಗುತ್ತದೆ. ಈ ಪಾಚಿಕಲ್ಲಿಗೆ ಹಂತ 6ರಲ್ಲಿ ಕೆಲಸವಿದೆ.

ಹಂತ 3: ಅಂಗಡಿಯಲ್ಲಿ ಆತುರ ಬೇಡ

ಕ್ರಾಫರ್ಡ್ ಮಾರ್ಕೆಟ್ ಇರಲಿ, ಕುರ್ಲಾ ಇರಲಿ, ನಿಯಮ ಒಂದೇ: ಬಂದ ದಿನದ ಮೀನು ಕೊಳ್ಳಬೇಡಿ. ಮುಂಗಡ ಕೊಟ್ಟು ಒಂದು ವಾರ ಅಲ್ಲೇ ಇರಿಸಿ. ನನ್ನ ಮೊದಲ ಬೈಕಲರ್ ಹಾಗೆಯೇ ಹೋದದ್ದು. “ಈಗಷ್ಟೇ ಬಂತು, ಫ್ರೆಶ್ ಮಾಲು” ಎಂದರು, ನಾನೂ ತರಕಾರಿ ಕೊಂಡಂತೆ ಕೊಂಡೆ. ನಾಲ್ಕನೇ ದಿನ ತೇಲಿತು. ಈ ಜಾತಿಯನ್ನು ಕೆಲವು ದೇಶಗಳಲ್ಲಿ ಸೈನೈಡ್ ಹಾಕಿ ಮಂಪರು ಬರಿಸಿ ಹಿಡಿಯುವುದೂ ಉಂಟು. ಅಂಥ ಮೀನು ಹೊರಗೆ ಲಕಲಕ ಹೊಳೆಯುತ್ತಲೇ ಕೆಲವು ದಿನಗಳಲ್ಲಿ ಸಾಯುತ್ತದೆ. ಒಂದು ವಾರ ಕಾದರೆ ಆ ಜೂಜು ನಿಮ್ಮ ಮನೆಯಲ್ಲಿ ನಡೆಯುವುದಿಲ್ಲ.

ನಿಮ್ಮ ಕಣ್ಣೆದುರೇ ತಿನ್ನಿಸಿ ತೋರಿಸಲು ಹೇಳಿ. ಬಾಯಿಗೆ ಹಾಕಿ ಉಗುಳಿದರೆ ಅದು ತಿಂದಂತಲ್ಲ. ಎದುರಿನಿಂದ ನೋಡಿದಾಗ ಕಣ್ಣಿನ ಮೇಲಿನ ಬೆನ್ನು ತುಂಬಿರಬೇಕು, ಎದೆಯ ರೆಕ್ಕೆಯ ಹಿಂದೆ ಹೊಟ್ಟೆ ಒಳಸೇದಿರಬಾರದು. ಕಣ್ಣು ತಿಳಿಯಾಗಿರಬೇಕು. 5ರಿಂದ 7 ಸೆಂ.ಮೀ. ಇರುವ ಮೀನು ಬೇಗ ಪಳಗುತ್ತದೆ. ಅಲ್ಲಿನ ನೀರಿನ ಉಪ್ಪು ಎಷ್ಟೆಂದು ಕೇಳಿ ಬರೆದುಕೊಳ್ಳಿ. ರಿಫ್ರಾಕ್ಟೋಮೀಟರ್ ತೋರಿಸುವ ಸಾಂದ್ರತೆಯ ಅಂಕಿಯಲ್ಲಿ (ಉಪ್ಪಿಲ್ಲದ ನೀರು 1.000) ಎಷ್ಟೋ ಅಂಗಡಿಗಳಲ್ಲಿ 1.018ರಿಂದ 1.020 ಇರುತ್ತದೆ, ನಿಮ್ಮ ಮನೆಯದು 1.025.

ಗಣಪತಿ ಹಬ್ಬದ ಹನ್ನೊಂದು ದಿನ, ದೀಪಾವಳಿಯ ವಾರ ಮೀನು ತರಬೇಡಿ. ಕಿಟಕಿಯ ಕೆಳಗೆ ಢೋಲ್ ಬಾರಿಸಿದರೆ ಗಾಜೇ ನಡುಗುತ್ತದೆ, ಹಳೆಯ ಮೀನುಗಳೇ ಮೂಲೆ ಹಿಡಿಯುತ್ತವೆ.

ಹಂತ 4: ಮನೆಗೆ ತರುವುದು, ನೀರಿಗೆ ಬಿಡುವುದು

ಚೀಲವನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ ತನ್ನಿ. ಕತ್ತಲಿದ್ದರೆ ಮೀನು ಶಾಂತ. ಲೋಕಲ್‌ನಲ್ಲಿ ಬರುವವರು ಮಧ್ಯಾಹ್ನ ಹನ್ನೆರಡರಿಂದ ಮೂರರ ಒಳಗೆ ಹೊರಡಿ. ಸಂಜೆ ಆರರ ಕಲ್ಯಾಣ್ ಫಾಸ್ಟ್‌ನಲ್ಲಿ ನಮಗೇ ಉಸಿರಾಡಲು ಜಾಗವಿಲ್ಲ.

ಮನೆ ತಲುಪುವ ಮೊದಲೇ ಸಣ್ಣ ಟ್ಯಾಂಕಿನ ಉಪ್ಪನ್ನು ಅಂಗಡಿಯ ಮಟ್ಟಕ್ಕೆ ಇಳಿಸಿಟ್ಟಿರಬೇಕು. ಹಾಗಿದ್ದರೆ ಕೆಲಸ ಸುಲಭ: ಚೀಲವನ್ನು 15–20 ನಿಮಿಷ ತೇಲಿಸಿ ಬಿಸಿ ಸರಿಮಾಡಿ, ಮೀನನ್ನು ಬಿಟ್ಟುಬಿಡಿ. ಬಳಿಕ ದಿನಕ್ಕೆ 0.002ಕ್ಕಿಂತ ಹೆಚ್ಚಾಗದಂತೆ ಉಪ್ಪನ್ನು ಮೇಲೇರಿಸಿ.

ಕೊರಿಯರ್‌ನಲ್ಲಿ ರಾತ್ರಿಯಿಡೀ ಬಂದ ಮೀನನ್ನು ಗಂಟೆಗಟ್ಟಲೆ ತೊಟ್ಟಿಕ್ಕಿಸಿ ಒಗ್ಗಿಸುವವರು ಗಮನಿಸಿ. ಮುಚ್ಚಿದ ಚೀಲದಲ್ಲಿ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್‌ನಿಂದ ಪಿಎಚ್ ಇಳಿದಿರುತ್ತದೆ, ಆ ನೀರಿನಲ್ಲಿ ಅಮೋನಿಯದ ವಿಷವೂ ಮಂದವಾಗಿರುತ್ತದೆ. ಚೀಲ ಬಿಚ್ಚಿದ ಕೂಡಲೆ ಅನಿಲ ಹೋಗಿ ಪಿಎಚ್ ಏರುತ್ತದೆ, ಅದೇ ಅಮೋನಿಯ ಮೀನಿಗೆ ವಿಷವಾಗುತ್ತದೆ. ಬಿಚ್ಚಿದ ಮೇಲೆ ತಡ ಮಾಡಬಾರದು.

ಕೈಬಲೆ ಮುಟ್ಟಲೇಬೇಡಿ. ಏಂಜಲ್‌ನ ಕೆನ್ನೆಯಲ್ಲಿ, ಕಿವಿರಿನ ಮುಚ್ಚಳದ ಬಳಿ, ಹಿಂದಕ್ಕೆ ಚಾಚಿದ ಮುಳ್ಳಿದೆ. ಬಲೆಗೆ ಸಿಕ್ಕಿದರೆ ಬಿಡಿಸುವಷ್ಟರಲ್ಲಿ ಮೀನು ಗಾಯಗೊಳ್ಳುತ್ತದೆ, ನಿಮ್ಮ ಬೆರಳೂ ಕೂಡ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು ಸಮೇತ ಹಿಡಿಯಿರಿ. ಅಂಗಡಿಯ ನೀರನ್ನು ಆದಷ್ಟು ಹೊರಗೆ ಚೆಲ್ಲಿ.

ಹಂತ 5: ಮೊದಲ ಮೂರು ದಿನ ಏನೂ ಮಾಡಬೇಡಿ

ಎಲ್ಲರೂ ಜಾರುವುದು ಇಲ್ಲೇ. ಲೈಟ್ ಹಾಕಬೇಡಿ, ಕೋಣೆಯ ಬೆಳಕು ಸಾಕು. ಮಕ್ಕಳಿಗೆ, ಮುಖ್ಯವಾಗಿ ನೋಡಲು ಬರುವ ಬಿಲ್ಡಿಂಗ್‌ನವರಿಗೆ, ಗಾಜು ತಟ್ಟಬೇಡಿ ಎಂದು ಹೇಳಿ. ಮೊಬೈಲ್ ಫ್ಲ್ಯಾಶ್ ಬೇಡ. ಟಾರ್ಚ್ ಹಾಕಿ ಬಿಲದೊಳಗೆ ಇಣುಕುವುದಂತೂ ಬೇಡವೇ ಬೇಡ.

ದಿನಕ್ಕೊಮ್ಮೆ ಅಮೋನಿಯ ಅಳೆಯಿರಿ. ಬಣ್ಣ ಸ್ವಲ್ಪ ತಿರುಗಿದರೂ ಕಾಲುಭಾಗ ನೀರು ಬದಲಿಸಿ, ಅದೇ ಉಪ್ಪು, ಅದೇ ಬಿಸಿ. ಔಷಧಿ ಯಾವುದೂ ಈಗ ಬೇಡ. ಪರೋಪಜೀವಿಗಳನ್ನು ಕೊಲ್ಲುವ ತಾಮ್ರದ ಔಷಧಿಯನ್ನು ಮುನ್ನೆಚ್ಚರಿಕೆಗೆಂದು ಮೊದಲ ದಿನವೇ ಹಾಕುವವರುಂಟು. ತಾಮ್ರ ಹಸಿವೆಯನ್ನು ಕೊಲ್ಲುತ್ತದೆ, ಸಣ್ಣ ಏಂಜಲ್‌ಗಳಿಗೆ ಅದು ಬೇರೆ ಮೀನುಗಳಿಗಿಂತ ಹೆಚ್ಚು ತಾಗುತ್ತದೆ.

ಮೈ ತುಂಬಿದ ಮೀನು ಐದಾರು ದಿನ ಉಪವಾಸ ಮಾಡಿದರೆ ಹೆದರಬೇಕಿಲ್ಲ. ದಿನವೂ ದೂರದ ಕುರ್ಚಿಯಲ್ಲಿ ಹತ್ತು ನಿಮಿಷ ಸುಮ್ಮನೆ ಕೂತು ನೋಡಿ. ಬಿಲದ ಬಾಯಿಗೆ ಬಂದು ಕಣ್ಣು ಹೊರಳಿಸಿ ನಿಮ್ಮನ್ನು ಅಳೆಯುತ್ತಿದೆ ಎಂದರೆ ಮುಂದಿನ ಹಂತಕ್ಕೆ ಹೋಗಬಹುದು.

ಹಂತ 6: ಊಟ ಕಲಿಸುವುದು

ಮೊದಲು ಕಿಟಕಿಯಲ್ಲಿ ಬೆಳೆಸಿದ ಪಾಚಿಕಲ್ಲು. ಮೀನು ತಂದ ಮೊದಲ ದಿನ ರಾತ್ರಿಯೇ (ಏನೂ ಮಾಡಬೇಡಿ ಎಂದ ಮೂರು ದಿನಗಳಲ್ಲಿ ಇದೊಂದಕ್ಕೆ ಮಾತ್ರ ವಿನಾಯಿತಿ) ಒಂದನ್ನು ಎಲ್ಬೋದ ಬಾಯಿಯಿಂದ ಒಂದು ಗೇಣು ದೂರದಲ್ಲಿ ಇಟ್ಟಿರಿ. ಯಾರೂ ನೋಡದ ಹೊತ್ತಿನಲ್ಲಿ ಮೀನು ಅದನ್ನು ಕೆರೆಯುತ್ತದೆ. ಕಲ್ಲಿನ ಮೇಲೆ ಬೋಳಾದ ಗುರುತು ಕಂಡರೆ ಮೀನು ತಿನ್ನುತ್ತಿದೆ, ನೀವು ನೋಡಿಲ್ಲ ಅಷ್ಟೆ. ಬೋಳಾದ ಕಲ್ಲನ್ನು ತೊಳೆದು ಒಣಗಿಸಿ ಜಾಡಿಗೆ ಹಾಕಿ, ಹಸಿರಾದದ್ದನ್ನು ಇತ್ತ ತನ್ನಿ.

ಎರಡನೆಯದು ಮರುವಾಯಿ. ಮುಂಬೈ ಮೀನು ಮಾರ್ಕೆಟ್‌ನಲ್ಲಿ ತಿಸ್ರಿ ಎಂದರೆ ಕೊಡುತ್ತಾರೆ. ಪಚ್ಚಿಲೆಯೂ ಆಗುತ್ತದೆ. ಚಿಪ್ಪು ಬಿಡಿಸಿ, ಮಾಂಸ ಅಂಟಿರುವ ಅರ್ಧವನ್ನು ತೊಳೆದು ಎರಡು ದಿನ ಫ್ರೀಜರಿನಲ್ಲಿಟ್ಟು ಬಳಸಿ. ಮಾಂಸದ ಮೇಲೆ ಚಾಕುವಿನಿಂದ ಎರಡು ಗೀರು ಹಾಕಿದರೆ ವಾಸನೆ ಬೇಗ ಹರಡುತ್ತದೆ. ಚಿಪ್ಪನ್ನು ಬಿಲದ ಬಾಯಲ್ಲಿಟ್ಟು ಕೋಣೆಯಿಂದ ಎದ್ದುಹೋಗಿ. ತೇಲುವ ತುಂಡನ್ನು ಬೆನ್ನಟ್ಟುವುದು ಈ ಮೀನಿನ ಗುಣವಲ್ಲ. ಒಂದೆಡೆ ಅಂಟಿಕೊಂಡಿರುವುದನ್ನು ಕುಕ್ಕಿ ಕುಕ್ಕಿ ತಿನ್ನುವುದು ಅದಕ್ಕೆ ಗೊತ್ತು. ಮುಂಬೈಯಲ್ಲಿ ನಾನು ನೋಡಿದ ಹಟಮಾರಿ ಏಂಜಲ್‌ಗಳಲ್ಲಿ ಹೆಚ್ಚಿನವು ಬಾಯಿ ಬಿಟ್ಟದ್ದು ಚಿಪ್ಪಿಗೇ. ಎರಡು ಗಂಟೆ ಕಳೆದರೆ ಉಳಿದದ್ದನ್ನು ತೆಗೆಯಿರಿ. ಸಣ್ಣ ಟ್ಯಾಂಕಿನಲ್ಲಿ ಒಂದು ಚಿಪ್ಪು ಕೊಳೆತರೂ ಮರುದಿನ ಅಮೋನಿಯ ಏರುತ್ತದೆ.

ಚಿಪ್ಪಿನಲ್ಲೇ ನಿಲ್ಲಬೇಡಿ. ಇಂಥ ಹಸಿ ಚಿಪ್ಪುಜೀವಿಗಳಲ್ಲಿ ಬಿ1 ವಿಟಮಿನ್ನನ್ನು ಕೆಡಿಸುವ ಕಿಣ್ವ ಇರುತ್ತದೆ. ವಾರಗಟ್ಟಲೆ ಅದೊಂದನ್ನೇ ಕೊಟ್ಟರೆ ಮೀನು ಸೊರಗುತ್ತದೆ.

ಮೂರನೆಯದು ನಡುಗುವ ಜೀವಂತ ಆಹಾರ, ಆರ್ಟೀಮಿಯ ಎಂಬ ಸೂಕ್ಷ್ಮ ಉಪ್ಪುನೀರಿನ ಸಿಗಡಿ. ಲೀಟರಿಗೆ 25 ಗ್ರಾಂ ಉಪ್ಪಿನ ನೀರಿನಲ್ಲಿ ಮೊಟ್ಟೆ ಹಾಕಿ ಗಾಳಿ ಬಿಟ್ಟರೆ ನಮ್ಮ ಸೆಖೆಗೆ ಒಂದೇ ದಿನದಲ್ಲಿ ಮರಿಯಾಗುತ್ತವೆ. ಈ ಮರಿಗಳಿಂದ ಹೊಟ್ಟೆ ತುಂಬುವುದಿಲ್ಲ, ಆಸೆ ಹುಟ್ಟುತ್ತದೆ. ಅದರ ಹಿಂದೆಯೇ ಫ್ರೋಜನ್ ಮೈಸಿಸ್ (ಸಿಗಡಿಯಂಥ ಪುಟ್ಟ ಜೀವಿ) ನಾಲ್ಕು ಕಾಳು, ಪೈಪೆಟ್‌ನಲ್ಲಿ, ಬಿಲದ ಬಾಯಿಯ ಹತ್ತಿರ.

ನಾಲ್ಕನೆಯದು ನೋರಿ. ಸೂಪರ್‌ಮಾರ್ಕೆಟ್‌ನಲ್ಲಿ ಸಿಗುವ ಒಣ ಕಡಲಪಾಚಿಯ ಹಾಳೆ. ಉಪ್ಪು, ಎಣ್ಣೆ, ಎಳ್ಳು ಸವರಿದ್ದು ಬೇಡ, ಬರೀ ಹಾಳೆಯೇ ಆಗಬೇಕು. ಕ್ಲಿಪ್ಪಿಗೆ ಸಿಕ್ಕಿಸಿ ಮೇಲೆ ತೂಗುಹಾಕುವುದು ಪಳಗಿದ ಮೀನಿಗೆ. ಹೆದರುವ ಮೀನಿಗೆ ರಬ್ಬರ್ ಬ್ಯಾಂಡಿನಿಂದ ಕಲ್ಲಿಗೇ ಸುತ್ತಿ ಕೆಳಗಿಡಿ.

ಇವನ್ನೆಲ್ಲ ತಿನ್ನತೊಡಗಿದ ಮೇಲೆ ಮನೆಯಡುಗೆ. ಸಿಪ್ಪೆ ತೆಗೆದ ಸಿಗಡಿ ಎರಡು ಪಾಲು, ಮರುವಾಯಿ ಒಂದು ಪಾಲು, ನೆನೆಸಿದ ನೋರಿ ಒಂದು ಪಾಲು, ಒಂದು ಚಮಚ ಸ್ಪಿರುಲಿನ ಪುಡಿ. ತರಿತರಿಯಾಗಿ ರುಬ್ಬಿ. ಚೈನಾ ಗ್ರಾಸ್ ಕಾಯಿಸಿ, ಉಗುರುಬೆಚ್ಚಗಿಂತ ತುಸು ಬಿಸಿಯಿರುವಾಗ ಬೆರೆಸಿ, ತಟ್ಟೆಯಲ್ಲಿ ತೆಳ್ಳಗೆ ಹರಡಿ ಫ್ರೀಜ್ ಮಾಡಿ. ತಣ್ಣಗಾಗಲು ಬಿಟ್ಟರೆ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ, ಕುದಿಯುವಾಗಲೇ ಸುರಿದರೆ ಸಿಗಡಿ ಬೆಂದುಹೋಗುತ್ತದೆ. ಇದಕ್ಕೊಂದು ಹಳೆಯ ಮಿಕ್ಸಿ ಜಾರನ್ನು ಬೇರೆಯೇ ಇಡಿ. ನಮ್ಮ ಮನೆಯಲ್ಲಿ ಚಟ್ನಿ ಜಾರ್ ಬಳಸಿ ಎರಡು ದಿನ ಮಾತಿಲ್ಲದೆ ಊಟ ಮಾಡಿದ್ದೇನೆ. ಬೆಳ್ಳುಳ್ಳಿ ರಸ ಹಾಕಿದರೆ ಹಸಿವೆ ಹೆಚ್ಚುತ್ತದೆ ಎನ್ನುತ್ತಾರೆ. ನನಗಂತೂ ವ್ಯತ್ಯಾಸ ಕಂಡಿಲ್ಲ.

ಗುಳಿಗೆ ಫುಡ್ ಎಲ್ಲಕ್ಕಿಂತ ಕೊನೆಗೆ. ಮೈಸಿಸ್ ಕರಗಿದ ನೀರಿನಲ್ಲಿ ನೆನೆಸಿ, ಅದರ ಜೊತೆಗೇ ಬೆರೆಸಿ ಕೊಡಿ.

ದಿನಕ್ಕೆ ಮೂರು ನಾಲ್ಕು ಬಾರಿ, ಪ್ರತಿಸಲವೂ ಚಿಟಿಕೆಯಷ್ಟು. ಅದೇ ಹೊತ್ತು, ಅದೇ ಮೂಲೆ, ಸಾಧ್ಯವಾದರೆ ಕೊಡುವವರೂ ಒಬ್ಬರೇ. ಒಂದು ದಿನಕ್ಕೆ ಒಂದೇ ಹೊಸ ರುಚಿ. ಗಾಬರಿಯಲ್ಲಿ ಐದು ಬಗೆ ಒಟ್ಟಿಗೆ ಸುರಿದರೆ ಯಾವುದನ್ನು ತಿಂದಿತು ಎಂಬುದೂ ತಿಳಿಯದು, ನೀರೂ ಹೋಯಿತು.

ಇಷ್ಟಾದರೂ ಬಾಯಿ ಬಿಡದಿದ್ದರೆ ಮೇಷ್ಟರೊಬ್ಬರನ್ನು ಕರೆಸಿ: ಸಾಧಾರಣ ಕರಿ ಮೊಲ್ಲಿ. ಸಿಹಿನೀರಿನ ಈ ಮೀನನ್ನು ಒಂದು ದಿನವಿಡೀ ಹನಿಹನಿಯಾಗಿ ಉಪ್ಪುನೀರಿಗೆ ಒಗ್ಗಿಸಬಹುದು. ಅದು ಹೊಟ್ಟೆಬಾಕ, ಆದರೆ ಜಗಳಗಂಟ ಅಲ್ಲ. ಪಕ್ಕದಲ್ಲೊಬ್ಬ ನಿಶ್ಚಿಂತೆಯಾಗಿ ತಿನ್ನುವುದನ್ನು ನೋಡಿದರೆ ಏಂಜಲ್‌ಗೂ ಧೈರ್ಯ ಬರುತ್ತದೆ.

ಹಂತ 7: ದೊಡ್ಡ ಟ್ಯಾಂಕಿಗೆ

ನಾಲ್ಕರಿಂದ ಆರು ವಾರ ಕಳೆದು, ಮೂರು ಬಗೆಯ ಆಹಾರವನ್ನಾದರೂ ನಿಮ್ಮೆದುರೇ ತಿನ್ನುತ್ತಿರಬೇಕು. ಉಪ್ಪು 1.025ಕ್ಕೆ ಬಂದಿರಬೇಕು.

ಟ್ಯಾಂಕ್ ಹಣ್ಣು ಮಾಡಲೆಂದು ಅಂಗಡಿಯವರು ಕೊಟ್ಟ ಅಗ್ಗದ ಡ್ಯಾಮ್ಸೆಲ್‌ಗಳು ಈಗಲೂ ಅಲ್ಲಿದ್ದರೆ ಮೊದಲು ಅವನ್ನು ಹೊರಗೆ ಕಳಿಸಿ. ಎರಡಂಗುಲದ ಆ ಮೀನು ಇಡೀ ವಾಡೆಯ ದಾದಾಗಿರಿ ನಡೆಸುತ್ತದೆ. ಇನ್ನೊಂದು ಏಂಜಲ್ ಇದ್ದರಂತೂ ಈ ಗಾತ್ರದ ಟ್ಯಾಂಕಿನಲ್ಲಿ ಕೂಡಿಸಲೇಬೇಡಿ.

ಹೊಸ ಮೀನನ್ನು ದೊಡ್ಡ ಟ್ಯಾಂಕಿನೊಳಗೇ ತೂತುಗಳಿರುವ ಪಾರದರ್ಶಕ ಪೆಟ್ಟಿಗೆಯಲ್ಲಿ, ಒಳಗೊಂದು ಎಲ್ಬೋ ಇಟ್ಟು, ಮೂರರಿಂದ ಏಳು ದಿನ ಅಲ್ಲೇ ಇರಿಸಿ, ಅಲ್ಲೇ ಉಣಿಸಿ. ಹಳೆಯ ಮೀನುಗಳು ಮೊದಲ ದಿನ ಪೆಟ್ಟಿಗೆಗೆ ಗುದ್ದುತ್ತವೆ, ಬೇಸರವಾಗಿ ಬಿಡುತ್ತವೆ. ಬಿಡದಿದ್ದರೆ ಇನ್ನೂ ಎರಡು ದಿನ ಕಾಯಿರಿ. ಬಿಡುವ ಸಂಜೆ ಎರಡು ಮೂರು ಕಲ್ಲುಗಳ ಜಾಗ ಬದಲಿಸಿ, ಲೈಟ್ ಆರಿಸಿ, ಪೆಟ್ಟಿಗೆ ಓರೆಮಾಡಿ. ಎದುರು ಬದಿಯ ಗಾಜಿಗೆ ಹೊರಗಿನಿಂದ ಒಂದು ಕನ್ನಡಿ ಒರಗಿಸಿದರೆ ಜಗಳಗಂಟ ಎರಡು ದಿನ ತನ್ನ ಬಿಂಬದ ಜೊತೆಗೇ ಕಾದಾಡುತ್ತಾನೆ. ಹೊಸ ಟ್ಯಾಂಕಿನಲ್ಲಿ ಮತ್ತೆ ಎರಡು ಮೂರು ದಿನ ಅಡಗುವುದು ಸಹಜ.

ಅಪಾಯದ ಸೂಚನೆಗಳು

ಅಡಗಿರುವುದು ಬೇರೆ, ಬಳಲಿರುವುದು ಬೇರೆ. ಬಿಲದೊಳಗಿದ್ದೂ ಕಣ್ಣು ಚುರುಕಾಗಿ, ರೆಕ್ಕೆ ಬಿಚ್ಚಿಕೊಂಡಿದ್ದರೆ ನಾಚಿಕೆ. ಮೂಲೆಯಲ್ಲಿ ಬಯಲಿನಲ್ಲೇ ನಿಂತು, ರೆಕ್ಕೆ ಮುದುಡಿ, ನೀವು ಹತ್ತಿರ ಬಂದರೂ ಕದಲದಿದ್ದರೆ ಕಾಯಿಲೆ.

ಮೈಮೇಲೆ ರವೆಯಂಥ ಬಿಳಿ ಕಾಳು ಕಂಡರೆ ಬಿಳಿಚುಕ್ಕೆ ರೋಗ. ಕಾಳು ಉದುರಿದ್ದು ನೋಡಿ ಗುಣವಾಯಿತೆಂದು ಕುಣಿಯಬೇಡಿ. ಪರೋಪಜೀವಿ ತಳಕ್ಕಿಳಿದು ನೂರಾರು ಮರಿಗಳಾಗಿ ತಿರುಗಿ ಬರುತ್ತದೆ. ಚಿಕಿತ್ಸೆ ಸಣ್ಣ ಟ್ಯಾಂಕಿನಲ್ಲೇ. ತಾಮ್ರ ಬಳಸುವುದಾದರೆ ತಾಮ್ರದ ಟೆಸ್ಟ್ ಕಿಟ್ ಇಲ್ಲದೆ ಒಂದು ಹನಿಯೂ ಬೇಡ.

ಮೈಗೆ ಹಿಟ್ಟು ಉದುರಿಸಿದಂಥ ಹೊಗರು, ಏದುಸಿರು, ಬೆಳಕಿಗೆ ಬೆನ್ನು, ಪಂಪಿನ ಧಾರೆಗೆ ಮುಖ ಕೊಟ್ಟು ನಿಲ್ಲುವುದು: ಇದು ವೆಲ್ವೆಟ್ ಎಂಬ ಪರೋಪಜೀವಿ ರೋಗ. ಇದರಲ್ಲಿ ದಿನಗಳ ಲೆಕ್ಕವಲ್ಲ, ಗಂಟೆಗಳ ಲೆಕ್ಕ. ಅಂದೇ ಚಿಕಿತ್ಸೆ ಶುರುವಾಗಬೇಕು.

ಕಣ್ಣು ಮಸುಕಾಗಿ, ಮೈಯನ್ನು ಎಲ್ಬೋಗೆ ತಿಕ್ಕುತ್ತಿದ್ದರೆ ಫ್ಲೂಕ್ ಹುಳು ಇರಬಹುದು. ಪಿಎಚ್, ಬಿಸಿ ಎರಡೂ ಸರಿಹೊಂದಿಸಿದ, ಗಾಳಿ ಬಿಟ್ಟ ಸಿಹಿನೀರಿನಲ್ಲಿ ಐದು ನಿಮಿಷ ಇರಿಸಿದರೆ ಎಳ್ಳಿನಂಥ ಬಿಳಿ ಹುಳುಗಳು ತಳಕ್ಕೆ ಬೀಳುವುದು ಕಾಣುತ್ತದೆ. ಮೀನು ತತ್ತರಿಸಿದರೆ ಐದು ನಿಮಿಷಕ್ಕೆ ಕಾಯದೆ ತೆಗೆಯಿರಿ. ಬಿದ್ದದ್ದು ಹುಳು ಎಂದು ಖಚಿತವಾದರೆ ಪ್ರಾಜಿಕ್ವಾಂಟೆಲ್ ಔಷಧಿ.

ತಿನ್ನುತ್ತಿದ್ದೂ ಬೆನ್ನು ಚೂಪಾಗುತ್ತಾ ಬಂದು, ಮಲ ಬಿಳಿ ದಾರದಂತೆ ನೇತಾಡಿದರೆ ಹೊಟ್ಟೆಯೊಳಗಿನ ಪರೋಪಜೀವಿಗಳ ಅನುಮಾನ. ಇಂಥ ಮೀನನ್ನು ದೊಡ್ಡ ಟ್ಯಾಂಕಿಗೆ ಬಿಡಬೇಡಿ.

ಮೇ ತಿಂಗಳಲ್ಲಿ ಊರಿಗೆ ಹೋಗುವವರಿಗೆ

ಹದಿನೈದು ದಿನ ಊರು ಎಂದಾದರೆ ಮಾರ್ಚ್ ಬಳಿಕ ಹೊಸ ಏಂಜಲ್ ತರಲೇಬೇಡಿ. ವರ್ಷದ ಅತಿ ಬಿಸಿ ದಿನಗಳಲ್ಲೇ ಮನೆಗೆ ಬೀಗ. ಪಳಗಿದ ಮೀನಾದರೆ ಪಕ್ಕದ ಮನೆಯವರಿಗೆ ಒಪ್ಪಿಸಬಹುದು. ವಾರದ ಮಾತ್ರೆ ಹಾಕಿಡುವ ಡಬ್ಬಿ ಎರಡು ತಂದು, ಒಂದೊಂದು ಖಾನೆಯಲ್ಲಿ ಒಂದೊಂದು ದಿನದ ಊಟ ತುಂಬಿ ಫ್ರೀಜರಿನಲ್ಲಿಡಿ. ಸಿಹಿನೀರು ಎಲ್ಲಿಯ ತನಕ ತುಂಬಬೇಕೆಂದು ಗಾಜಿಗೆ ಟೇಪಿನ ಗೆರೆ ಹಾಕಿ. ಉಳಿದ ಫುಡ್ಡನ್ನೆಲ್ಲ ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೀ ನಿಮ್ಮ ಜೊತೆ ಒಯ್ಯಿರಿ. ಕೀ ಸಿಕ್ಕಿದರೆ ಪಕ್ಕದ ಮನೆಯ ಕಾಕಿ “ಪಾಪ, ನೋಡ್ತಾ ಇತ್ತು” ಎಂದು ಇನ್ನೊಂದು ಹಿಡಿ ಹಾಕಿಯೇ ಹಾಕುತ್ತಾರೆ.